ರಾತ್ರಿಯಲ್ಲಿ ಸ್ಪಷ್ಟವಾದ ಛಾಯಾಚಿತ್ರ ತೆಗೆಯುವ ಕ್ರಮ

ಸ್ಮರಣ ಸಂಚಿಕೆಯ ಸಲುವಾಗಿ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಪ್ರೀತಿಯಿಂದ ಕಳುಹಿಸಿಕೊಟ್ಟ ಛಾಯಾಚಿತ್ರಗಳನ್ನು ಆರಿಸುವಾಗ ಒಂದು ಸಂಗತಿಯು ಎದ್ದು ಕಾಣುವದು. ಹಗಲಿನಲ್ಲಿ ತೆಗೆದ ಚಿತ್ರಗಳಲ್ಲಿ ಆಟದ ಬಯಲು, ಸಾಲಾಗಿ ನಿಂತ ತರಗತಿಗಳು, ಹೊಲಿಗೆಯ ಪ್ರದರ್ಶನ, ಗಿಡ ನೆಟ್ಟ ದಿನ, ಎಲ್ಲವೂ ನಿಚ್ಚಳವಾಗಿವೆ. ಆದರೆ ಶಾಲೆಯ ವರ್ಷದಲ್ಲಿ ನಾವು ಹೆಚ್ಚು ಅಕ್ಕರೆಯಿಂದ ನೆನೆಯುವ ಹೊತ್ತುಗಳು ಹಗಲಿನವಲ್ಲ. ಸ್ನೇಹಸಮ್ಮೇಲನದ ನಾಟಕವು ದೀಪ ಹತ್ತಿದ ಮೇಲೆ ಆರಂಭವಾಗುವದು. ಕ್ರಿಸ್‌ಮಸ್ಸಿನ ಗೀತಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಹಾಡುವರು. ಹತ್ತನೆಯ ತರಗತಿಯ ಹುಡುಗಿಯರನ್ನು ಬೀಳ್ಕೊಡುವಾಗ ಹೊತ್ತು ಮುಳುಗಿರುವದು. ಈ ಹೊತ್ತುಗಳ ಚಿತ್ರಗಳೋ, ಕರಿಹಲಗೆಯ ಮೇಲೆ ಯಾರೋ ಸುಣ್ಣದ ಬೆರಳಿಟ್ಟಂತೆ ನಾಲ್ಕು ಬಿಳಿಯ ಕಲೆಗಳಾಗಿ ತೋರುವವು. ಯಾರ ಮುಖದ ಗುರುತೂ ಸಿಕ್ಕದು. ಹೀಗೆಯೇ ನಡೆದರೆ ಐವತ್ತು ವರ್ಷಗಳ ತರುವಾಯ ಈ ಸಂಚಿಕೆಯನ್ನು ತೆರೆದವರು, ನಮ್ಮ ಶಾಲೆಯಲ್ಲಿ ಸೂರ್ಯನು ಮುಳುಗುತ್ತಲೇ ಇರಲಿಲ್ಲವೆಂದು ತಿಳಿದಾರು.

ರಾತ್ರಿಯ ಚಿತ್ರವು ಕೆಡುವದಕ್ಕೆ ಕ್ಯಾಮರಾ ಸಾಧಾರಣವಾದದ್ದೇ ಕಾರಣವೆಂದು ಅನೇಕ ಪಾಲಕರು ಎಣಿಸುವರು. ಮಗಳು ಕೇಳಿದಳೆಂದು ಹೆಚ್ಚು ಬೆಲೆಯ ಫೋನನ್ನು ಕೊಂಡುಕೊಟ್ಟು, ಮರುವರ್ಷದ ಚಿತ್ರವೂ ಹಾಗೆಯೇ ಬಂದುದನ್ನು ಕಂಡು ನಿರಾಶರಾದವರು ಉಂಟು. ಒಳ್ಳೆಯ ಉಪಕರಣದಿಂದ ಪ್ರಯೋಜನವಿಲ್ಲವೆಂದು ನಾನು ಹೇಳೆನು. ಆದರೆ ಮೊದಲು ಬೇಕಾದದ್ದು ಅದಲ್ಲ. ರಾತ್ರಿಯಲ್ಲಿ ಬೆಳಕಿಗೆ ಸಾಕಷ್ಟು ಸಮಯವನ್ನು ಕೊಡಬೇಕು. ಆ ಸಮಯವು ಮುಗಿಯುವ ವರೆಗೆ ಕ್ಯಾಮರಾ ಅಲುಗಬಾರದು. ಇವೆರಡನ್ನು ಬಲ್ಲ ಹುಡುಗಿಯು ತಾಯಿಯ ಹಳೆಯ ಫೋನಿನಿಂದ ತೆಗೆದ ಚಿತ್ರವು, ಇವುಗಳನ್ನು ಅರಿಯದವರು ದೊಡ್ಡ ಕ್ಯಾಮರಾದಿಂದ ತೆಗೆದದ್ದಕ್ಕಿಂತ ಮೇಲಾಗಿರುವದನ್ನು ನಾನು ಹಲವು ಸಲ ನೋಡಿದ್ದೇನೆ.

ರಾತ್ರಿಯಲ್ಲಿ ಬೆಳಕು ಎಷ್ಟು ಕಡಿಮೆಯೆಂಬದನ್ನು ನಾವು ಸಾಮಾನ್ಯವಾಗಿ ಅರಿಯೆವು. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಅಳೆಯುವರು. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ರಾತ್ರಿ ದೀಪ ಹಚ್ಚಿದ ನಮ್ಮ ಪಡಸಾಲೆಯ ಬೆಳಕು ಸುಮಾರು 100 ಲಕ್ಸ್. ಅಂದರೆ ಬಿಸಿಲಿನ ಸಾವಿರದಲ್ಲೊಂದು ಪಾಲು. ಹುಣ್ಣಿಮೆಯ ಬೆಳುದಿಂಗಳು ಸುಮಾರು ಕಾಲು ಲಕ್ಸ್ ಮಾತ್ರ. ಬಿಸಿಲಿಗೂ ಬೆಳುದಿಂಗಳಿಗೂ ಇರುವ ಅಂತರವು ಹೀಗೆ ನಾಲ್ಕು ಲಕ್ಷ ಪಟ್ಟು. ಆದರೂ ಬೆಳುದಿಂಗಳಿನಲ್ಲಿ ನಾವು ದಾರಿ ನಡೆಯುತ್ತೇವೆ, ಮಾಳಿಗೆಯ ಮೇಲೆ ಕುಳಿತು ಊಟ ಮಾಡುತ್ತೇವೆ. ಕಣ್ಣಿನ ಪಾಪೆಯು ಹಿಗ್ಗಿ, ಒಳಗಿನ ಪರದೆಯು ಕ್ರಮೇಣ ಕತ್ತಲೆಗೆ ಒಗ್ಗಿಕೊಳ್ಳುವದರಿಂದ ಈ ಅಂತರವು ನಮಗೆ ತಿಳಿಯದೆ ಹೋಗುವದು. ಕ್ಯಾಮರಾ ಇಂಥ ದಾಕ್ಷಿಣ್ಯವನ್ನು ಅರಿಯದು. ಬಿದ್ದಷ್ಟು ಬೆಳಕನ್ನೇ ಅದು ಲೆಕ್ಕಕ್ಕೆ ಹಿಡಿಯುವದು.

ಈ ಕಷ್ಟವು ಇಂದಿನದಲ್ಲ. ಬಾಸೆಲ್ ಮಿಶನ್ನಿನವರು ಹುಬ್ಬಳ್ಳಿಯಲ್ಲಿ ನೆಲೆ ಮಾಡಿದ 1839ನೆಯ ಇಸವಿಯಲ್ಲಿಯೇ ಪ್ಯಾರಿಸ್ ಪಟ್ಟಣದಲ್ಲಿ ದಾಗೇರನ ಛಾಯಾಚಿತ್ರ ಕ್ರಮವು ಜಗತ್ತಿಗೆ ಪ್ರಕಟವಾಯಿತು. ಆಗ ಬಿಸಿಲಿನಲ್ಲಿಯೂ ಒಂದು ಚಿತ್ರಕ್ಕೆ ಅನೇಕ ನಿಮಿಷಗಳು ಹಿಡಿಯುತ್ತಿದ್ದವು. ಮರುವರ್ಷ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ವಿದ್ವಾಂಸನು ಚಂದ್ರನ ಚಿತ್ರವನ್ನು ತೆಗೆದಾಗ ತಗಡಿಗೆ ಇಪ್ಪತ್ತು ನಿಮಿಷಗಳ ಕಾಲ ಬೆಳಕನ್ನು ಉಣಿಸಬೇಕಾಯಿತು. ಹಳೆಯ ಮನೆತನಗಳಲ್ಲಿ ಜೋಪಾನವಾಗಿಟ್ಟ ಅಜ್ಜ ಅಜ್ಜಿಯರ ಚಿತ್ರಗಳಲ್ಲಿ ಎಲ್ಲರೂ ಬಿಗಿದುಕೊಂಡು ಕುಳಿತಿರುವದು ಸಿಟ್ಟಿನಿಂದಲ್ಲ, ಅಲುಗಬಾರದೆಂಬ ಅಪ್ಪಣೆಯಿಂದ. ಹಗಲಿನಲ್ಲಿಯೇ ಈ ಪಾಡಾದರೆ ದೀಪದ ಬೆಳಕಿನ ಚಿತ್ರವು ಎಲ್ಲಿಯ ಮಾತು? 1887ರಲ್ಲಿ ಮೆಗ್ನೀಶಿಯಮ್ಮಿನ ಹೊಳಪು ಪುಡಿಯೂ, 1930ರ ಸುಮಾರಿಗೆ ಒಮ್ಮೆ ಉರಿದು ಹಾಳಾಗುವ ಹೊಳಪು ಬಲ್ಬೂ ಬಂದ ಮೇಲೆಯೇ ವೃತ್ತಪತ್ರಿಕೆಗಳವರು ಇರುಳಿನಲ್ಲಿ ಸರಾಗವಾಗಿ ಕೆಲಸ ಮಾಡತೊಡಗಿದರು. ಭಾರತದ ಮೊದಲನೆಯ ಮಹಿಳಾ ಪತ್ರಿಕಾ ಛಾಯಾಚಿತ್ರಗಾರರಾದ ಹೋಮಾಯಿ ವ್ಯಾರಾವಾಲಾ ಅವರು ಭಾರವಾದ ಕ್ಯಾಮರಾವನ್ನು ಹೊತ್ತು ದಿಲ್ಲಿಯಲ್ಲಿ ದುಡಿದದ್ದು ಇಂಥ ಕಾಲದಲ್ಲಿಯೇ. ಇಂದು ಅಂಗೈಯಲ್ಲಿರುವ ಉಪಕರಣವು ಅವರು ಬಳಸಿದ್ದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದದ್ದು.

ಇನ್ನು ಪಾಠಕ್ಕೆ ಬರೋಣ. ಕ್ಯಾಮರಾದಲ್ಲಿ ಬೆಳಕಿನ ಲೆಕ್ಕವು ಮೂರು ಸಂಗತಿಗಳನ್ನು ಅವಲಂಬಿಸಿರುವದು. ನಮ್ಮ ಅವಳಿ ನಗರಗಳ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಲು ನಳದ ನೀರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಿನಗಟ್ಟಲೆ ಕಾದು ಕೊಡ ತುಂಬಿಕೊಂಡವರಿಗೆ ಅದು ಚೆನ್ನಾಗಿ ಗೊತ್ತು. ನಳವು ಅಗಲವಾಗಿದ್ದರೆ ಕೊಡವು ಬೇಗ ತುಂಬುವದು. ಸಣ್ಣಗೆ ಹನಿಯುತ್ತಿದ್ದರೆ ಬಹಳ ಹೊತ್ತು ಕಾಯಬೇಕು. ಕಾಯುವಷ್ಟು ಹೊತ್ತಿಲ್ಲದಿದ್ದರೆ ಕೊಡದ ಬದಲು ತಂಬಿಗೆಯನ್ನು ಹಿಡಿಯಬೇಕು. ನಳದ ಬಾಯಿಯೇ ಲೆನ್ಸಿನ ರಂಧ್ರ. ಎಫ್ 1.4, 2, 2.8, 4, 5.6, 8, 11, 16 ಎಂದು ಅದರ ಅಳತೆಗಳನ್ನು ಬರೆಯುವರು. ಅಂಕಿಯು ದೊಡ್ಡದಾದಂತೆ ರಂಧ್ರವು ಕಿರಿದಾಗುವದು, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುವದು. ಕಾಯುವ ಹೊತ್ತೇ ಶಟರು ತೆರೆದಿರುವ ಕಾಲ. ತಂಬಿಗೆಯ ಉಪಾಯವೇ ಐಎಸ್‌ಒ ಎಂಬ ಅಂಕಿಯನ್ನು ಏರಿಸುವದು. ಅದನ್ನು ಏರಿಸಿದರೆ ಸ್ವಲ್ಪ ಬೆಳಕೇ ಸಾಕಾದಂತೆ ಕಾಣುವದು, ಆದರೆ ನಿಜವಾಗಿ ಸಿಕ್ಕ ಬೆಳಕು ತಂಬಿಗೆಯಷ್ಟೇ. ಆದಕಾರಣ ಚಿತ್ರದಲ್ಲಿ ರವೆ ಚೆಲ್ಲಿದಂಥ ಕಾಳುಕಾಳು ತೋರಿಬರುವದು.

ಇದನ್ನು ಒಂದು ಲೆಕ್ಕದಿಂದ ನೋಡೋಣ. ಒಂಬತ್ತನೆಯ ತರಗತಿಯ ಹುಡುಗಿಯರು ಇದನ್ನು ಹಲಗೆಯ ಮೇಲೆ ತಾವೇ ಮಾಡಬಲ್ಲರು. ಐಎಸ್‌ಒ 100, ರಂಧ್ರ ಎಫ್ 16 ಇದ್ದಾಗ ಬಿಸಿಲಿನಲ್ಲಿ 1/100 ಸೆಕೆಂಡು ಸಾಕೆಂಬದು ಛಾಯಾಚಿತ್ರಗಾರರ ಹಳೆಯ ಬಾಯಿಲೆಕ್ಕ. ಹುಣ್ಣಿಮೆಯ ರಾತ್ರಿ ಶಾಲೆಯ ಕಟ್ಟಡವನ್ನು ಚಿತ್ರಿಸಬೇಕಾಗಿದೆಯೆನ್ನಿರಿ. ಬೆಳಕು ನಾಲ್ಕು ಲಕ್ಷ ಪಟ್ಟು ಕಡಿಮೆ. ರಂಧ್ರವನ್ನು ಎಫ್ 16ರಿಂದ ಎಫ್ 2.8ಕ್ಕೆ ತೆರೆದರೆ ಐದು ಮೆಟ್ಟಿಲು, ಅಂದರೆ 32 ಪಟ್ಟು ಬೆಳಕು ದೊರೆಯುವದು. ಐಎಸ್‌ಒ ಅಂಕಿಯನ್ನು 100ರಿಂದ 1600ಕ್ಕೆ ಏರಿಸಿದರೆ 16 ಪಟ್ಟು. ಎರಡನ್ನೂ ಗುಣಿಸಿದರೆ 512. ನಾಲ್ಕು ಲಕ್ಷವನ್ನು 512ರಿಂದ ಭಾಗಿಸಿದರೆ ಸುಮಾರು 780. ಅಷ್ಟು ಪಟ್ಟು ಹೆಚ್ಚು ಕಾಲ ಶಟರು ತೆರೆದಿರಬೇಕು. 1/100 ಸೆಕೆಂಡಿನ 780 ಪಟ್ಟು ಎಂದರೆ ಸುಮಾರು 8 ಸೆಕೆಂಡು. ಅದರಂತೆ ತೆಗೆದರೆ ಆಕಾಶವು ನೀಲಿಯಾಗಿ, ಹುಲ್ಲು ಹಸಿರಾಗಿ, ಹಂಚುಗಳು ಕೆಂಪಾಗಿ, ಹಗಲಿನ ಚಿತ್ರವೇ ಎಂಬಂತೆ ಬರುವದು; ಮೇಲೆ ನಕ್ಷತ್ರಗಳು ಮಾತ್ರ ಗುಟ್ಟನ್ನು ಬಿಟ್ಟುಕೊಡುವವು. ಬೆಳುದಿಂಗಳು ಬಿಸಿಲಿನ ಮರುಬೆಳಕೇ ಎಂಬದನ್ನು ಪುಸ್ತಕದಲ್ಲಿ ಓದಿದವರು ಇದರಿಂದ ಕಣ್ಣಾರೆ ಕಾಣುವರು.

ಆದರೆ ಎಂಟು ಸೆಕೆಂಡು ಯಾರ ಕೈಯೂ ಅಲುಗದೆ ನಿಲ್ಲದು. ಸಾಮಾನ್ಯ ಫೋನಿನ ಮುಖ್ಯ ಲೆನ್ಸಿಗೆ 1/25 ಸೆಕೆಂಡಿಗಿಂತ ಹೆಚ್ಚು ಕಾಲ ಬೇಕಾದಾಗ ಕೈಯನ್ನು ನಂಬುವದು ಯುಕ್ತವಲ್ಲ. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿಗೆ ಇದು ಇನ್ನೂ ಕಡಿಮೆ. 200 ಮಿಲಿಮೀಟರ್ ಲೆನ್ಸಿಗೆ 1/200 ಸೆಕೆಂಡು ಎಂದು ಲೆಕ್ಕ ಹಿಡಿಯಬೇಕು. ಇತ್ತೀಚಿನ ಉಪಕರಣಗಳಲ್ಲಿ ನಡುಕವನ್ನು ತಡೆಯುವ ಯುಕ್ತಿಯಿರುವದರಿಂದ ಸ್ವಲ್ಪ ರಿಯಾಯತಿ ಉಂಟು, ಆದರೂ ಅದನ್ನೇ ನೆಚ್ಚಿಕೊಳ್ಳಲಾಗದು. ಮೂರು ಕಾಲಿನ ಸ್ಟ್ಯಾಂಡು ಇದ್ದರೆ ಸರಿ. ಇಲ್ಲದಿದ್ದರೆ ಚಿಂತೆಯಿಲ್ಲ. ದಪ್ಪ ಅರಿವೆಯ ಒಂದು ಚಿಕ್ಕ ಚೀಲವನ್ನು ಹೊಲಿದು, ಅದರಲ್ಲಿ ಮುಕ್ಕಾಲು ಪಾಲು ಜೋಳವನ್ನು ತುಂಬಿ ಬಾಯಿ ಹೊಲಿದುಬಿಡಿರಿ. ಪೂರಾ ತುಂಬಬಾರದು; ಕಾಳು ಸರಿದಾಡಲು ಎಡೆಯಿರಬೇಕು. ಈ ಚೀಲವನ್ನು ಕಟ್ಟೆಯ ಮೇಲೋ, ಕಿಟಕಿಯ ಹೊಸ್ತಿಲಿನ ಮೇಲೋ, ಮಾಳಿಗೆಯ ಮೋಟುಗೋಡೆಯ ಮೇಲೋ ಇಟ್ಟು, ಅದರ ನಡುವೆ ಕ್ಯಾಮರಾವನ್ನು ಒತ್ತಿ ಕೂಡಿಸಿದರೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಂತೆ ಗಟ್ಟಿಯಾಗಿ ಕೂಡುವದು. ಅಂಗಡಿಯ ಹಗುರವಾದ ಸ್ಟ್ಯಾಂಡುಗಳಿಗಿಂತ ಇದು ಎಷ್ಟೋ ವಾಸಿಯೆಂಬದು ನನ್ನ ಅಭಿಪ್ರಾಯ. ಹಾಗೂ ಇಲಿಯಿಂದ ಕಾಪಾಡಿದರೆ ವರ್ಷಗಟ್ಟಲೆ ಬಾಳುವದು.

ಕ್ಯಾಮರಾ ಗಟ್ಟಿಯಾಗಿ ಕುಳಿತರೂ ಗುಂಡಿಯನ್ನು ಒತ್ತುವ ಬೆರಳೇ ಅದನ್ನು ನಡುಗಿಸುವದು. ಆದಕಾರಣ ಎರಡು ಸೆಕೆಂಡು ಅಥವಾ ಹತ್ತು ಸೆಕೆಂಡು ತಡೆದು ತಾನೇ ತೆಗೆಯುವ ಟೈಮರನ್ನು ಗೊತ್ತುಪಡಿಸಿ, ಕೈಯನ್ನು ಹಿಂದೆಗೆದುಕೊಳ್ಳಬೇಕು. ಈ ಒಂದು ಅಭ್ಯಾಸದಿಂದಲೇ ಅರ್ಧ ಚಿತ್ರಗಳು ಸುಧಾರಿಸುವವು. ಸ್ಟ್ಯಾಂಡಿನ ನಡುಗಂಬವನ್ನು ಎತ್ತರಿಸಬಾರದು. ಆಷಾಢದ ಗಾಳಿಯಲ್ಲಿ ಅದು ಜೋಳದ ದಂಟಿನಂತೆ ತೂಗಾಡುವದು. ಸಭಾಗೃಹದಲ್ಲಿ ಹಲಗೆಯ ವೇದಿಕೆಯ ಮೇಲೆ ಸ್ಟ್ಯಾಂಡನ್ನು ನಿಲ್ಲಿಸಿದರೆ ಕುಣಿಯುವ ಹುಡುಗಿಯರ ಹೆಜ್ಜೆಗಳೆಲ್ಲ ಚಿತ್ರದಲ್ಲಿ ನಮೂದಾಗುವವು. ಅದನ್ನು ಕೆಳಗೆ, ಕಲ್ಲಿನ ನೆಲದ ಮೇಲೆ ನಿಲ್ಲಿಸತಕ್ಕದ್ದು.

ನಡುಕವು ತಪ್ಪಿದ ಮೇಲೆ ನೋಟವನ್ನು ಹರಿತಗೊಳಿಸುವ ಕೆಲಸ. ಫೋಕಸನ್ನು ತಾನೇ ಹುಡುಕುವ ಉಪಕರಣವು ಕತ್ತಲೆಯಲ್ಲಿ ದಿಕ್ಕುಗಾಣದೆ ಹಿಂದೆ ಮುಂದೆ ತಡಕಾಡುವದು. ಅದಕ್ಕೆ ಹಿಡಿದುಕೊಳ್ಳಲು ಒಂದು ಅಂಚು ಬೇಕು. ಕಪ್ಪು ಸೀರೆಯ ಮಡಿಕೆಯನ್ನು ತೋರಿಸಿದರೆ ಏನೂ ಆಗದು; ದೀಪದ ಬುಡ, ಕಿಟಕಿಯ ಚೌಕಟ್ಟು, ಬೆಳಕು ಬಿದ್ದ ಕೆನ್ನೆಯ ಅಂಚು, ಇಂಥದ್ದನ್ನು ತೋರಿಸಬೇಕು. ಫೋನಿನಲ್ಲಿ ಆ ಸ್ಥಳವನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸೂ ಬೆಳಕಿನ ಅಳತೆಯೂ ಅಲ್ಲಿಯೇ ನೆಲೆಗೊಳ್ಳುವವು; ಬಳಿಕ ಬೆರಳನ್ನು ಕೆಳಕ್ಕೆ ಎಳೆದರೆ ಚಿತ್ರವು ತುಸು ಕಪ್ಪಾಗುವದು. ರಾತ್ರಿಯ ಚಿತ್ರವು ತುಸು ಕಪ್ಪಾಗಿಯೇ ಇರಬೇಕು. ಎಲ್ಲವನ್ನೂ ಬೆಳಗಿಸಹೊರಟರೆ ದೀಪಗಳೆಲ್ಲ ಹರಡಿ ಮೊಸರು ಚೆಲ್ಲಿದಂತಾಗುವವು. ಮತ್ತೊಂದು ಸಣ್ಣ ಮಾತು: ಲೆನ್ಸಿನ ಮೇಲಿನ ಬೆರಳಿನ ಜಿಡ್ಡು ಹಗಲಿನಲ್ಲಿ ಕೆಡುಕು ಮಾಡದಿದ್ದರೂ ಇರುಳಿನಲ್ಲಿ ಪ್ರತಿ ದೀಪಕ್ಕೂ ಮಂಜಿನ ಬಾಲವನ್ನು ಹಚ್ಚುವದು. ತೆಗೆಯುವ ಮುಂಚೆ ಮೆತ್ತನೆಯ ಹತ್ತಿಯ ಅರಿವೆಯಿಂದ ಒರೆಸಿರಿ. ಸೆರಗಿನ ಜರಿಯಿಂದ ಒರೆಸಬೇಡಿರಿ, ಗೀರು ಬಿದ್ದೀತು.

ಯಾವ ಹೊತ್ತಿನಲ್ಲಿ ತೆಗೆಯಬೇಕೆಂಬದು ಬಹು ಮುಖ್ಯವಾದ ಪ್ರಶ್ನೆ. ಪೂರ್ಣ ಕತ್ತಲೆಯಾದ ಮೇಲೆ ತೆಗೆದ ಕಟ್ಟಡದ ಚಿತ್ರದಲ್ಲಿ ಮಾಳಿಗೆಯ ಅಂಚು ಎಲ್ಲಿ ಮುಗಿಯಿತು, ಆಕಾಶವು ಎಲ್ಲಿ ಆರಂಭವಾಯಿತು ಎಂಬದೇ ತಿಳಿಯದು. ಸೂರ್ಯನು ಮುಳುಗಿ ಆಕಾಶದಲ್ಲಿ ಇನ್ನೂ ಗಾಢ ನೀಲಿಯುಳಿದಿರುವಾಗ, ದೀಪಗಳೂ ಹತ್ತಿರುವಾಗ, ಎರಡು ಬೆಳಕುಗಳೂ ಸರಿದೂಗುವ ಕೆಲವು ನಿಮಿಷಗಳಿರುವವು. ಅದೇ ಹೊತ್ತು. ಇಲ್ಲಿ ಇಂಗ್ಲೀಷ್ ಕೈಪುಸ್ತಕಗಳನ್ನು ನಂಬಿ ಮೋಸಹೋಗಬಾರದು. ಲಂಡನ್ನಿನಲ್ಲಿ ಜೂನ್ ತಿಂಗಳ ಸಂಜೆಗಳಲ್ಲಿ ಸೂರ್ಯನು ಓರೆಯಾಗಿ ಇಳಿಯುವದರಿಂದ ಮುಸ್ಸಂಜೆಯು ಮುಕ್ಕಾಲು ತಾಸಿನಷ್ಟು ಉಳಿಯುವದು. ಧಾರವಾಡವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದೂವರೆ ಅಂಶಗಳ ಮೇಲಿದೆ. ಇಲ್ಲಿ ಸೂರ್ಯನು ಬಹುಮಟ್ಟಿಗೆ ನೆಟ್ಟಗೆ ಬಾವಿಗೆ ಬಿಟ್ಟ ಕೊಡದಂತೆ ಇಳಿದುಬಿಡುವನು. ಸೂರ್ಯಾಸ್ತವಾಗಿ ಸುಮಾರು ಇಪ್ಪತ್ತೆರಡು ನಿಮಿಷಗಳಲ್ಲಿ ಮುಸ್ಸಂಜೆಯ ಮೊದಲಿನ ಬೆಳಕು ಮುಗಿಯುವದು, ಮುಂದಿನ ಹತ್ತು ಹನ್ನೆರಡು ನಿಮಿಷ ಗಾಢ ನೀಲಿ, ತರುವಾಯ ಕತ್ತಲೆ. ಆದುದರಿಂದ ಉಣಕಲ್ಲ ಕೆರೆಯ ದಂಡೆಯ ಮೇಲೆ ದೀಪಗಳ ಪ್ರತಿಬಿಂಬವನ್ನಾಗಲಿ, ನೃಪತುಂಗ ಬೆಟ್ಟದಿಂದ ಹುಬ್ಬಳ್ಳಿಯ ದೀಪರಾಶಿಯನ್ನಾಗಲಿ ತೆಗೆಯಬಯಸುವವರು ಸೂರ್ಯನು ಮುಳುಗುವ ಮುಂಚೆಯೇ ಅಲ್ಲಿದ್ದು ಕ್ಯಾಮರಾವನ್ನು ಕೂಡಿಸಿರಬೇಕು. ಮುಳುಗಿದ ಮೇಲೆ ಚಹಾ ಕುಡಿದು ಹೊರಟವರಿಗೆ ಕತ್ತಲೆಯೊಂದೇ ಸಿಕ್ಕುವದು. ಮಳೆ ಬಂದು ನಿಂತ ಸಂಜೆಯಾದರೆ ಮತ್ತೂ ಒಳ್ಳೆಯದು. ತೊಯ್ದ ಡಾಂಬರಿನ ಮೇಲೆ ಒಂದೊಂದು ದೀಪವೂ ಎರಡಾಗುವದು.

ಈಗ ಮುಖಗಳ ವಿಷಯ. ನಮ್ಮ ಸಂಚಿಕೆಗೆ ಹೆಚ್ಚು ಬೇಕಾದದ್ದು ಇದೇ. ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಚಿತ್ರವನ್ನು ನನಗೆ ತಂದು ತೋರಿಸಿದಳು. ಹಳ್ಳಿಯ ಮನೆಯಲ್ಲಿ ಸಂಜೆ ದೀಪ ಹಚ್ಚಿಟ್ಟು ಅಜ್ಜಿಯು ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದಾಗ ಯಾರೋ ಫೋನಿನ ಹೊಳಪು ದೀಪವನ್ನು ಬೆಳಗಿಸಿ ತೆಗೆದದ್ದು. ಗೋಡೆಯು ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಅಜ್ಜಿಯ ಮುಖದ ಗೆರೆಗಳೆಲ್ಲ ಅಳಿಸಿಹೋಗಿವೆ, ಕಣ್ಣು ಅರೆಮುಚ್ಚಿವೆ. ದೀಪವು ಹತ್ತಿಯೇ ಇಲ್ಲವೆಂಬಂತೆ ಪೇಲವವಾಗಿದೆ. ಅಜ್ಜಿಯು ಈಗಿಲ್ಲ. ಆ ಸಂಜೆಯ ಚಿತ್ರವು ಅದೊಂದೇ. ಇದನ್ನು ಸರಿಪಡಿಸಿ ಕೊಡಲು ಆಗುವದೇ ಎಂದು ಅವಳು ಕೇಳಿದಳು. ಇಲ್ಲದ ಬೆಳಕನ್ನು ಆಮೇಲೆ ತರಲಾಗದು ಎಂದು ಹೇಳಬೇಕಾಯಿತು.

ಅಲ್ಲಿ ಏನು ಮಾಡಬಹುದಾಗಿತ್ತು? ಮೇಣದ ಬತ್ತಿಯಂಥ ಒಂದು ಜ್ವಾಲೆಯು ಮುಖದಿಂದ ಅರ್ಧ ಮೀಟರು ದೂರದಲ್ಲಿದ್ದರೆ ಮುಖದ ಮೇಲೆ ಸುಮಾರು 4 ಲಕ್ಸ್ ಬೆಳಕು ಬೀಳುವದು. ಈಗಿನ ಫೋನುಗಳ ರಂಧ್ರವು ಸಾಮಾನ್ಯವಾಗಿ ಎಫ್ 1.8ರ ಆಸುಪಾಸು ಇರುವದು. ಐಎಸ್‌ಒ 1600 ಇಟ್ಟರೆ 1/8 ಸೆಕೆಂಡು ಸಾಕು. ಜೋಳದ ಚೀಲದ ಮೇಲೆ ಕ್ಯಾಮರಾ, ಎರಡು ಸೆಕೆಂಡಿನ ಟೈಮರು, ಹೊಳಪು ದೀಪವನ್ನು ಆರಿಸುವದು, ಇಷ್ಟೇ. ಅಜ್ಜಿಯು 1/8 ಸೆಕೆಂಡು ಸುಮ್ಮನಿರುವಂತೆ ಮಾತ್ರ ನೋಡಿಕೊಳ್ಳಬೇಕು. ಕಥೆ ಹೇಳುವವರು ಒಂದು ಮಾತನ್ನು ಮುಗಿಸಿ ಮಕ್ಕಳ ಮುಖವನ್ನು ನೋಡುವಾಗ ಒಂದು ಕ್ಷಣ ನಿಂತೇ ನಿಲ್ಲುವರು. ಕ್ರಿಸ್‌ಮಸ್ ಗೀತಗಳನ್ನು ಹಾಡುವ ಹುಡುಗಿಯರನ್ನು ತೆಗೆಯುವಾಗಲೂ ಇದೇ ಕ್ರಮ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಕ್ಷಣದಲ್ಲಿ ತುಟಿಗಳು ಅಲುಗುವದಿಲ್ಲ. ಬತ್ತಿಯನ್ನು ಗದ್ದದ ಕೆಳಗೆ ತೀರ ಹತ್ತಿರ ಹಿಡಿದರೆ ಮುಖವು ಭಯಂಕರವಾಗಿ ಕಾಣುವದು. ಎದೆಯ ಮಟ್ಟದಲ್ಲಿ, ಮುಂದಕ್ಕೆ ಸ್ವಲ್ಪ ದೂರ ಹಿಡಿಯಲು ಹೇಳಿರಿ. ಆದರೆ ಬಹಳ ದೂರವೂ ಬೇಡ: ದೂರವು ಎರಡು ಪಟ್ಟಾದರೆ ಬೆಳಕು ಕಾಲು ಪಾಲಾಗುವದು ಎಂಬ ನಿಯಮವನ್ನು ಭೌತಶಾಸ್ತ್ರದ ತಾಸಿನಲ್ಲಿ ಕಲಿತದ್ದನ್ನು ಇಲ್ಲಿ ನೆನೆಯಬೇಕು. ಸಭಾಗೃಹದ ಹಿಂದಿನ ಸಾಲಿನಲ್ಲಿ ಕುಳಿತು ಫೋನಿನ ಹೊಳಪು ದೀಪವನ್ನು ಮಿನುಗಿಸುವ ತಂದೆತಾಯಿಗಳಿಗೂ ಇದೇ ನಿಯಮವು ಉತ್ತರ. ಎರಡು ಮೀಟರಿನಲ್ಲಿ ಸಾಕಾಗುವ ಆ ದೀಪವು ಹದಿನಾರು ಮೀಟರಿನಲ್ಲಿ ಅರವತ್ತನಾಲ್ಕರಲ್ಲೊಂದು ಪಾಲಾಗಿ, ಮಗಳ ಬದಲು ಮುಂದಿನ ಸಾಲಿನವರ ತಲೆಗಳನ್ನು ಬೆಳಗಿಸುವದು. ನಾಟಕ ನೋಡುವವರಿಗೆ ತೊಂದರೆ ಬೇರೆ.

ನಮ್ಮ ಮಕ್ಕಳ ಫೋನುಗಳಲ್ಲಿ ಈಗ ನೈಟ್ ಮೋಡ್ ಎಂಬದೊಂದು ಉಂಟು. 2018ರಿಂದೀಚೆಗೆ ಇದು ಹೆಚ್ಚು ಬಳಕೆಗೆ ಬಂದಿತು. ಇದರ ಯುಕ್ತಿಯು ಗಣಿತದ್ದು. ಒಂದೇ ದೀರ್ಘ ಚಿತ್ರದ ಬದಲು ಅದು ಹಲವು ಚಿಕ್ಕ ಚಿತ್ರಗಳನ್ನು ತೆಗೆದು, ಒಂದರ ಮೇಲೊಂದನ್ನು ಸರಿಯಾಗಿ ಕೂಡಿಸಿ, ಸರಾಸರಿಯನ್ನು ತೆಗೆಯುವದು. ಕಾಳುಕಾಳು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಕಡೆ ಬೀಳುವದರಿಂದ ಸರಾಸರಿಯಲ್ಲಿ ಕರಗುವದು. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ಅದು ಮೂರರಲ್ಲೊಂದಕ್ಕೆ, ಹದಿನಾರರಲ್ಲಿ ನಾಲ್ಕರಲ್ಲೊಂದಕ್ಕೆ ಇಳಿಯುವದು. ಉತ್ತಮವಾದ ಉಪಾಯ, ಜೋಳದ ಚೀಲದ ಮೇಲಿಟ್ಟು ಬಳಸಿದರೆ ಮತ್ತೂ ಉತ್ತಮ. ಆದರೆ ಕೆಲವು ಫೋನುಗಳು ಇಷ್ಟಕ್ಕೆ ನಿಲ್ಲದೆ, ಕಾಣದ್ದನ್ನು ಊಹಿಸಿ ತುಂಬುವವು. ಒಂದು ಕಂಪನಿಯ ಫೋನು ಚಂದ್ರನ ಮಸಕು ಚಿತ್ರದಲ್ಲಿ ತಾನು ಮೊದಲೇ ಕಲಿತ ಕುಳಿಗಳನ್ನು ಬರೆದುಕೊಡುತ್ತದೆಂದು 2023ರಲ್ಲಿ ದೊಡ್ಡ ಚರ್ಚೆಯಾಯಿತು. ಚಂದ್ರನ ಮುಖವಾದರೆ ಜಗತ್ತಿಗೆಲ್ಲ ಒಂದೇ. ಅದನ್ನು ಊಹಿಸಿದರೆ ನಗಬಹುದು. ನಮ್ಮ ಅಜ್ಜಿಯ ಮುಖವನ್ನು ಯಂತ್ರವು ಊಹಿಸಿ ತುಂಬಿದರೆ ಅದು ಯಾರ ಅಜ್ಜಿ? ಆದಕಾರಣ ಮುಖವನ್ನು ನುಣುಪು ಮಾಡುವ, ಚಂದ ಮಾಡುವ ಏರ್ಪಾಡುಗಳನ್ನು ಆರಿಸಿ ಮೂಲಚಿತ್ರವನ್ನೇ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪಾಲಕರಲ್ಲಿ ಒಂದು ಮಾತು. ರಾತ್ರಿಯೆಂದರೆ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವ ಹೊತ್ತೆಂಬ ರೂಢಿಯು ನಮ್ಮಲ್ಲಿ ಬಲವಾಗಿದೆ. ಅದರ ಹಿಂದಿನ ಕಾಳಜಿಯನ್ನು ನಾನು ಅಲ್ಲಗಳೆಯೆನು. ಆದರೆ ಅಣ್ಣನಿಗೆ ಕ್ಯಾಮರಾವನ್ನೂ ನಕ್ಷತ್ರಗಳನ್ನೂ ಕೊಟ್ಟು, ತಂಗಿಗೆ ಅವನು ತೆಗೆದ ಚಿತ್ರವನ್ನು ನೋಡುವ ಪಾಲನ್ನಷ್ಟೇ ಕೊಡುವದು ನ್ಯಾಯವಲ್ಲ. ಮಾಳಿಗೆ, ಹಿತ್ತಲು, ಕಿಟಕಿ, ಪಡಸಾಲೆಯ ದೀಪ, ಇವೇ ಒಂದು ಪೂರ್ಣ ಶಾಲೆ. ಹೊರಗೆ ಹೋಗುವದಾದರೆ ತಂದೆಯೋ ತಾಯಿಯೋ ಜೊತೆಗೆ ಹೋಗಿರಿ. ನಿಮಗೂ ನಿದ್ದೆಗೆ ಮುಂಚೆ ಗಾಳಿ ಸಿಕ್ಕೀತು. ಮೂರು ನಾಲ್ಕು ಹುಡುಗಿಯರು ಕೂಡಿಯೇ ಹೋಗಲಿ. ಲೆನ್ಸಿನೊಳಗೆ ನೋಡುವವಳಿಗೆ ಬೆನ್ನ ಹಿಂದಿನದು ಕಾಣದು, ಒಬ್ಬಳು ಅತ್ತ ನೋಡುತ್ತಿರಲಿ. ರಸ್ತೆಯ ನಡುವಿಗೆ, ಕೆರೆಯ ಜಾರುವ ಅಂಚಿಗೆ, ರೈಲಿನ ಹಳಿಗೆ ಚಿತ್ರದ ಆಸೆಯಿಂದ ಇಳಿಯಕೂಡದು.

ರೈಲಿನ ಮಾತು ಬಂದುದರಿಂದ ಹೇಳುತ್ತೇನೆ: 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿ ನಿಲ್ದಾಣದ 1,507 ಮೀಟರು ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲಿಯೇ ಅತಿ ಉದ್ದವಾದದ್ದೆಂದು ಹೆಸರಾಗಿದೆ. ಅದರ ದೀಪಗಳ ಸಾಲು ದೂರಕ್ಕೆ ಹೋಗುತ್ತ ಕಿರಿದಾಗುವದು ದೂರದೃಷ್ಟಿಯ ಚಿತ್ರಪಾಠಕ್ಕೆ ಒಳ್ಳೆಯ ಉದಾಹರಣೆ. ಅಧಿಕಾರಿಗಳ ಅಪ್ಪಣೆ ಪಡೆದು, ರಂಧ್ರವನ್ನು ಎಫ್ 11ಕ್ಕೆ ಕಿರಿದು ಮಾಡಿ ತೆಗೆದರೆ ಒಂದೊಂದು ದೀಪಕ್ಕೂ ನಕ್ಷತ್ರದಂತೆ ಕಿರಣಗಳು ಮೂಡುವವು. ಮೈಸೂರಿಗೆ ಪ್ರವಾಸ ಹೋದಾಗ ಅರಮನೆಯ ದೀಪಾಲಂಕಾರವನ್ನು ತೆಗೆಯುವವರು ತಿಳಿಯಬೇಕಾದದ್ದೇನೆಂದರೆ, ಸುಮಾರು 97,000 ಬಲ್ಬುಗಳಿರುವ ಅಲ್ಲಿ ಬೆಳಕಿಗೆ ಕೊರತೆಯಿಲ್ಲ. ಐಎಸ್‌ಒ 100, ಎಫ್ 8, ಒಂದು ಸೆಕೆಂಡಿನಿಂದ ಆರಂಭಿಸಿರಿ. ದೀಪಾವಳಿಯ ಬಾಣಬಿರುಸುಗಳಿಗೆ ಐಎಸ್‌ಒ 100, ಎಫ್ 8ರಿಂದ 11, ಎರಡರಿಂದ ನಾಲ್ಕು ಸೆಕೆಂಡು. ನಕ್ಷತ್ರಗಳಿಗೆ 500ನ್ನು ಲೆನ್ಸಿನ ಮಿಲಿಮೀಟರುಗಳಿಂದ ಭಾಗಿಸಿ ಬಂದಷ್ಟು ಸೆಕೆಂಡು. 24ರ ಲೆನ್ಸಿಗೆ ಸುಮಾರು 20. ಅದಕ್ಕಿಂತ ಹೆಚ್ಚಾದರೆ ಭೂಮಿಯು ತಿರುಗುವದರಿಂದ ನಕ್ಷತ್ರಗಳು ಚುಕ್ಕೆಗಳಾಗಿರದೆ ಗೆರೆಗಳಾಗುವವು.

ಚಂದ್ರನನ್ನೇ ತೆಗೆಯುವವರು ಮಾತ್ರ ಈ ವರೆಗೆ ಹೇಳಿದ್ದನ್ನು ತಿರುವುಮುರುವು ಮಾಡಿಕೊಳ್ಳಬೇಕು. ಚಂದ್ರನ ಬೆಳಕಿನಲ್ಲಿರುವ ನಮ್ಮ ಅಂಗಳಕ್ಕೆ ರಾತ್ರಿ. ಚಂದ್ರನ ನೆಲಕ್ಕೋ ನಡುಹಗಲು. ಅದು ಬಿಸಿಲು ಬಿದ್ದ ಕಲ್ಲುಗುಡ್ಡ. ಆದುದರಿಂದ ಐಎಸ್‌ಒ 100, ಎಫ್ 11, 1/100 ಸೆಕೆಂಡು ಸಾಕು. ಕತ್ತಲೆಯೆಂದು ತಿಳಿದು ಹೆಚ್ಚು ಕಾಲ ಕೊಟ್ಟುದರಿಂದಲೇ ನಿಮ್ಮ ಚಂದ್ರನು ಕಲೆಯಿಲ್ಲದ ಬಿಳಿಯ ಬಿಲ್ಲೆಯಾಗುವನು. ಗ್ರಹಣದಲ್ಲಿ ಪುನಃ ಲೆಕ್ಕವು ಬದಲಾಗುವದು. 2025ನೆಯ ಸೆಪ್ಟೆಂಬರ್ 7ರ ರಾತ್ರಿ 11 ಗಂಟೆಯಿಂದ 12 ಗಂಟೆ 22 ನಿಮಿಷದ ವರೆಗೆ ಭಾರತದಲ್ಲಿ ಖಗ್ರಾಸ ಗ್ರಹಣವಿದ್ದಾಗ, ಭೂಮಿಯ ನೆರಳಿನಲ್ಲಿ ಹೊಕ್ಕ ಚಂದ್ರನ ತಾಮ್ರದ ಬಣ್ಣಕ್ಕೆ ಸಾವಿರಾರು ಪಟ್ಟು ಹೆಚ್ಚು ಬೆಳಕುಣಿಸುವದು ಅವಶ್ಯವಿತ್ತು.

ಮುಂದೆ 2028ನೆಯ ದಶಂಬರ 31ರ ರಾತ್ರಿ ನಮ್ಮ ದೇಶದಲ್ಲಿ ಖಗ್ರಾಸ ಚಂದ್ರಗ್ರಹಣವು ಆಗಲಿದೆ. ವರ್ಷಾಂತ್ಯದ ಆರಾಧನೆಗೆ ಹೋಗುವವರೂ ಮನೆಯಲ್ಲಿ ಎಚ್ಚತ್ತಿರುವವರೂ ಅಂದು ಹೇಗೂ ಮಲಗರು. ರಾತ್ರಿ ಎಂಟೂವರೆ ದಾಟಿದ ಮೇಲೆ ಚಂದ್ರನ ಅಂಚು ಕಪ್ಪಾಗತೊಡಗುವದು. ಸುಮಾರು 9 ಗಂಟೆ 46 ನಿಮಿಷಕ್ಕೆ ಪೂರ್ಣವಾಗಿ ನೆರಳಿನೊಳಗಾಗಿ, ಸುಮಾರು 10 ಗಂಟೆ 58 ನಿಮಿಷದ ವರೆಗೆ ಕೆಂಪಾಗಿರುವನು. ನೆರಳಿನ ಕೊನೆಯ ಅಂಚು ಬಿಟ್ಟುಹೋಗುವಾಗ ಹೊಸ ವರ್ಷವು ಹುಟ್ಟಿ ಆರೇಳು ನಿಮಿಷಗಳಾಗಿರುವವು. ಚಳಿಗಾಲದ ಆಕಾಶವು ನಮ್ಮ ಕಡೆ ಸಾಮಾನ್ಯವಾಗಿ ನಿರ್ಮಲ. ಚಂದ್ರನು ಬಹಳ ಮೇಲಕ್ಕೇರಿರುವದರಿಂದ ಸ್ಟ್ಯಾಂಡಿನ ಕಾಲುಗಳನ್ನು ಗಿಡ್ಡ ಮಾಡಿ, ಚಾಪೆಯ ಮೇಲೆ ಕುಳಿತೇ ನೋಡುವಂತೆ ಮಾಡಿಕೊಳ್ಳಿರಿ. 400 ಮಿಲಿಮೀಟರಿನ ಲೆನ್ಸು ದೊರೆತರೆ ಐಎಸ್‌ಒ 1600, ಎಫ್ 5.6ರಲ್ಲಿ ಕೆಂಪು ಚಂದ್ರನಿಗೆ 1/4 ಸೆಕೆಂಡಿನಿಂದ 1 ಸೆಕೆಂಡಿನ ವರೆಗೆ ಕೊಟ್ಟು ನೋಡಿರಿ. ಅದನ್ನು ಮೀರಬೇಡಿರಿ, ಚಂದ್ರನು ಎರಡು ನಿಮಿಷಗಳಲ್ಲಿ ತನ್ನ ಅಗಲದಷ್ಟು ದೂರ ಸರಿಯುವದರಿಂದ ಅಂಚು ಮಸಕಾಗುವದು. ಫೋನು ಮಾತ್ರ ಇರುವವರು ಚಂದ್ರನನ್ನು ದೊಡ್ಡದಾಗಿ ಹಿಡಿಯಹೋಗದೆ, ಮಾಳಿಗೆಯ ಮೇಲೆ ಕಂಬಳಿ ಹೊದ್ದು ಮೇಲೆ ನೋಡುತ್ತ ನಿಂತ ಮನೆಯವರನ್ನು, ಕೆಳಗಿನ ಮೆಟ್ಟಿಲಿನ ದೀಪದ ಬೆಳಕಿನಲ್ಲಿ, ಜೋಳದ ಚೀಲದ ಮೇಲಿಟ್ಟು ತೆಗೆಯಲಿ. ತೆಗೆದ ಚಿತ್ರವನ್ನು ಶಾಲೆಗೆ ಕಳುಹಿಸುವಾಗ ಎಡದಿಂದ ಬಲಕ್ಕೆ ನಿಂತವರ ಹೆಸರು, ಸ್ಥಳ, ತೆಗೆದ ಹೊತ್ತು, ಇವನ್ನು ಬರೆದು ಕಳುಹಿಸಿರಿ.